ದಂಪತಿಗಳ ಸಂಭಾಷಣೆ: ಮಕ್ಕಳ ಪಾಲನೆ, ಮನೆತನದ ನಿರೀಕ್ಷೆ ಮತ್ತು ದೇವರ ವಾಕ್ಯ

ವಿವಾಹವನ್ನು ಕುರಿತ ಪ್ರಸಂಗಗಳಿಗೆ ನಮ್ಮ ಸಭೆಗಳಲ್ಲಿ ಕೊರತೆಯಿಲ್ಲ. ಗಂಡನ ಕರ್ತವ್ಯ, ಹೆಂಡತಿಯ ಕರ್ತವ್ಯ, ಮಕ್ಕಳ ವಿಧೇಯತೆ ಇವುಗಳನ್ನು ನಾವು ವಿವಾಹಾರಾಧನೆಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಆದರೆ ಗಂಡಹೆಂಡಿರು ಒಬ್ಬರೊಡನೊಬ್ಬರು ಮನಬಿಚ್ಚಿ ಆಡುವ ಮಾತನ್ನು ದೇವಶಾಸ್ತ್ರದ ನೆಲೆಯಿಂದ ವಿಚಾರಿಸಿರುವುದು ಕಡಿಮೆ. ಮಕ್ಕಳನ್ನು ಬೆಳೆಸುವ ಬಗೆ, ಎರಡು ಮನೆತನಗಳೊಡನೆ ಇಟ್ಟುಕೊಳ್ಳಬೇಕಾದ ಸಂಬಂಧ, ಸಮಾಜವು ತಮ್ಮಿಂದ ನಿರೀಕ್ಷಿಸುವ ನಡತೆ ಇವೆಲ್ಲವೂ ಮನೆಯೊಳಗಿನ ಸಂಗತಿಗಳೆಂದು ಬದಿಗಿರಿಸಿದ್ದೇವೆ. ಪವಿತ್ರ ಶಾಸ್ತ್ರವು ಹಾಗೆ ಬದಿಗಿರಿಸಿಲ್ಲ. ದಂಪತಿಗಳು ಆಡಿದ ಮಾತನ್ನೂ ಆಡದೆ ಉಳಿಸಿಕೊಂಡ ಮಾತನ್ನೂ ಅದು ಎಚ್ಚರಿಕೆಯಿಂದ ದಾಖಲಿಸಿದೆ. ಆ ದಾಖಲೆಯನ್ನು ಓದಿ, ಅದು ನಮ್ಮ ನಾಡಿನ ಕ್ರೈಸ್ತ ಕುಟುಂಬಗಳಿಗೆ ಏನನ್ನು ಬೋಧಿಸುತ್ತದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹನ್ನಳ ಮೌನ, ಹನ್ನಳ ಮಾತು

ಸಮುವೇಲನ ಮೊದಲನೆಯ ಗ್ರಂಥದ ಆರಂಭದಲ್ಲಿ ಮಕ್ಕಳಿಲ್ಲದ ಹನ್ನಳು ಊಟ ಬಿಟ್ಟು ಅಳುತ್ತಿದ್ದಾಳೆ. ಅವಳ ಗಂಡನಾದ ಎಲ್ಕಾನನು ಅವಳನ್ನು ಪ್ರೀತಿಸುವವನೇ. ಏಕೆ ಅಳುತ್ತೀ, ಏಕೆ ಉಣ್ಣುವುದಿಲ್ಲ, ಏಕೆ ಮನಗುಂದಿದ್ದೀ ಎಂದು ಸಾಲಾಗಿ ಕೇಳಿ, ತಾನು ಹತ್ತು ಗಂಡುಮಕ್ಕಳಿಗಿಂತ ಮಿಗಿಲಾಗಿಲ್ಲವೇ ಎಂದು ಪ್ರಶ್ನಿಸುತ್ತಾನೆ (1 ಸಮು. 1:8). ಪ್ರಶ್ನೆಗಳು ನಾಲ್ಕು, ಉತ್ತರ ಒಂದೂ ಇಲ್ಲ. ಸಂತಾನವಿಲ್ಲದ ಹೆಣ್ಣನ್ನು ಆ ಸಮಾಜ ಹೇಗೆ ಕಾಣುತ್ತಿತ್ತು, ಪೆನಿನ್ನಳ ಕೊಂಕು ಮಾತು ಎಷ್ಟು ಇರಿಯುತ್ತಿತ್ತು ಎಂಬುದು ಅವನ ಸಾಂತ್ವನದೊಳಗೆ ಬಂದೇ ಇಲ್ಲ. ಅವನು ತನ್ನ ಪ್ರೀತಿಯನ್ನು ಅಳತೆಗೋಲಾಗಿ ಮುಂದಿಟ್ಟನು. ಅವಳ ನೋವನ್ನು ಅವಳ ನೆಲೆಯಿಂದ ಕೇಳಲಿಲ್ಲ. ಹನ್ನಳು ಎದ್ದು ದೇವರ ಸನ್ನಿಧಿಗೆ ಹೋಗಿ ಅಲ್ಲಿ ಬಾಯಿಬಿಟ್ಟಳು.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಸಮುವೇಲನು ಹುಟ್ಟಿದ ಮೇಲೆ, ವರ್ಷದ ಯಜ್ಞಕ್ಕೆ ಶೀಲೋವಿಗೆ ಹೊರಡುವ ಸಮಯದಲ್ಲಿ ಹನ್ನಳೇ ಗಂಡನೊಡನೆ ಮಾತೆತ್ತುತ್ತಾಳೆ. ಮಗುವು ಮೊಲೆಬಿಡುವ ತನಕ ತಾನು ಬರುವುದಿಲ್ಲವೆಂದೂ ಆಮೇಲೆ ಅವನನ್ನು ದೇವರಿಗೆ ಒಪ್ಪಿಸುವೆನೆಂದೂ ತಿಳಿಸುತ್ತಾಳೆ. ಎಲ್ಕಾನನು ಅವಳ ತೀರ್ಮಾನವನ್ನು ಅವಳಿಗೇ ಬಿಟ್ಟುಕೊಡುತ್ತಾನೆ (1:22-23). ಈ ಒಪ್ಪಿಗೆಯ ತೂಕ ತಿಳಿಯಬೇಕಾದರೆ ಅರಣ್ಯಕಾಂಡ 30ನೆಯ ಅಧ್ಯಾಯವನ್ನು ನೋಡಬೇಕು. ಹೆಂಡತಿ ಮಾಡಿದ ಹರಕೆಯನ್ನು ಕೇಳಿದ ದಿನದಲ್ಲೇ ರದ್ದುಮಾಡುವ ಅಧಿಕಾರ ಗಂಡನಿಗಿತ್ತು. ಆ ಅಧಿಕಾರವನ್ನು ಎಲ್ಕಾನನು ಬಳಸಲಿಲ್ಲ. ಮೊದಲ ಸಂಭಾಷಣೆಯಲ್ಲಿ ಸೋತ ದಂಪತಿಗಳು ಎರಡನೆಯದರಲ್ಲಿ ಗೆದ್ದರು. ಮೊದಲನೆಯದರಲ್ಲಿ ಒಬ್ಬನೇ ಮಾತನಾಡಿದನು, ಎರಡನೆಯದರಲ್ಲಿ ಇಬ್ಬರೂ ಮಾತನಾಡಿದರು. ವ್ಯತ್ಯಾಸ ಇಷ್ಟೇ, ಆದರೆ ಸಮುವೇಲನ ಬದುಕು ಈ ವ್ಯತ್ಯಾಸದ ಮೇಲೆ ನಿಂತಿದೆ.

ಮಾನೋಹನೂ ಅವನ ಹೆಂಡತಿಯೂ

ನ್ಯಾಯಸ್ಥಾಪಕರು 13ನೆಯ ಅಧ್ಯಾಯದಲ್ಲಿ ಸಂಸೋನನ ತಾಯಿಯ ಹೆಸರಿಲ್ಲ, ಆದರೆ ದೂತನು ಕಾಣಿಸಿಕೊಳ್ಳುವುದು ಅವಳಿಗೇ. ಅವಳು ಕೇಳಿದ್ದನ್ನು ಗಂಡನಿಗೆ ತಿಳಿಸುತ್ತಾಳೆ. ಮಾನೋಹನು ಅವಳ ಮಾತನ್ನು ತಳ್ಳಿಹಾಕದೆ, ಹುಟ್ಟಲಿರುವ ಮಗುವಿಗೆ ತಾವು ಏನು ಮಾಡಬೇಕೆಂದು ಕಲಿಸುವುದಕ್ಕಾಗಿ ಆ ದೂತನು ಮತ್ತೆ ಬರಲಿ ಎಂದು ಪ್ರಾರ್ಥಿಸುತ್ತಾನೆ. ಮಕ್ಕಳ ಪಾಲನೆಯನ್ನು ಕಲಿಯಬೇಕಾದ ವಿದ್ಯೆಯೆಂದು ತಿಳಿದು, ಅದನ್ನು ಕಲಿಸೆಂದು ತಂದೆಯೊಬ್ಬನು ಬೇಡಿಕೊಂಡ ಅಪರೂಪದ ಪ್ರಾರ್ಥನೆಯಿದು. ದೂತನು ಮತ್ತೆ ಬಂದದ್ದೂ ಹೊಲದಲ್ಲಿ ಒಬ್ಬಳೇ ಇದ್ದ ಆ ಸ್ತ್ರೀಯ ಬಳಿಗೇ. ಅವಳು ಓಡಿಹೋಗಿ ಗಂಡನನ್ನು ಕರೆತರುತ್ತಾಳೆ. ಕೊನೆಯಲ್ಲಿ ತಾವು ಸಾಯುವೆವೆಂದು ಮಾನೋಹನು ಭಯಪಟ್ಟಾಗ, ದೇವರು ಕಾಣಿಕೆಯನ್ನು ಅಂಗೀಕರಿಸಿದ್ದರಿಂದಲೂ ಇಷ್ಟನ್ನೆಲ್ಲ ತೋರಿಸಿದ್ದರಿಂದಲೂ ಅವರನ್ನು ಕೊಲ್ಲುವ ಮನಸ್ಸು ಆತನಿಗಿಲ್ಲವೆಂದು ಅವಳು ತರ್ಕಬದ್ಧವಾಗಿ ವಿವರಿಸುತ್ತಾಳೆ. ಆ ಮನೆಯಲ್ಲಿ ದೇವಶಾಸ್ತ್ರದ ವಿವೇಕವನ್ನು ಆಡಿದವಳು ಹೆಂಡತಿ, ಕೇಳಿದವನು ಗಂಡ.

ಇಷ್ಟು ಚೆನ್ನಾಗಿ ಮಾತನಾಡಿಕೊಂಡ ತಂದೆತಾಯಿಗಳ ಮಗನು ಅವರ ಮಾತನ್ನು ಕೇಳಲಿಲ್ಲ ಎಂಬುದನ್ನೂ ಶಾಸ್ತ್ರ ಮರೆಮಾಚಿಲ್ಲ. ದಂಪತಿಗಳ ಒಮ್ಮತವು ಮಕ್ಕಳ ನಡತೆಗೆ ಜಾಮೀನಲ್ಲ. ಮಕ್ಕಳು ದಾರಿತಪ್ಪಿದಾಗ ತಂದೆತಾಯಿಗಳ ಮೇಲೆ ಬೇಗನೆ ತೀರ್ಪು ಹೇಳುವ ನಮ್ಮ ಸಭೆಗಳು ಇದನ್ನು ಗಮನಿಸಬೇಕು.

ಆಡದೆ ಉಳಿದ ಮಾತು, ಕೇಳದೆ ಹೋದ ದನಿ

ಇದಕ್ಕೆ ವಿರುದ್ಧವಾದ ಚಿತ್ರ ಇಸಾಕ ರೆಬೆಕ್ಕರದು. ಹಿರಿಯನು ಕಿರಿಯನಿಗೆ ಸೇವೆಮಾಡುವನೆಂಬ ದೇವೋಕ್ತಿ ರೆಬೆಕ್ಕಳಿಗೆ ಬಂತು (ಆದಿ. 25:23). ಅದನ್ನು ಅವಳು ಗಂಡನಿಗೆ ತಿಳಿಸಿದಳೆಂದು ಎಲ್ಲೂ ಬರೆದಿಲ್ಲ. ತಂದೆಗೆ ಏಸಾವನ ಮೇಲೆ ಪ್ರೀತಿ, ತಾಯಿಗೆ ಯಾಕೋಬನ ಮೇಲೆ. 27ನೆಯ ಅಧ್ಯಾಯದಲ್ಲಿ ಆಶೀರ್ವಾದವನ್ನು ಕುರಿತು ತಂದೆಯು ಮಗನೊಡನೆ ಮಾತನಾಡುತ್ತಾನೆ, ತಾಯಿಯು ಇನ್ನೊಬ್ಬ ಮಗನೊಡನೆ ಮಾತನಾಡುತ್ತಾಳೆ, ಗಂಡಹೆಂಡಿರು ಪರಸ್ಪರ ಮಾತನಾಡುವುದಿಲ್ಲ. ಅಧ್ಯಾಯದ ಕೊನೆಯ ವಚನದಲ್ಲಿ ರೆಬೆಕ್ಕಳು ಇಸಾಕನೊಡನೆ ಬಾಯಿಬಿಟ್ಟಾಗಲೂ ಹಿತ್ತಿಯ ಸೊಸೆಯರ ಕಾಟವನ್ನು ಹೇಳುತ್ತಾಳೆಯೇ ಹೊರತು, ಏಸಾವನು ತಮ್ಮನನ್ನು ಕೊಲ್ಲಲು ಹೊಂಚುತ್ತಿರುವ ನಿಜವನ್ನು ಮುಚ್ಚಿಡುತ್ತಾಳೆ. ದಂಪತಿಗಳ ನಡುವೆ ಬಾಯಿಗೆ ಬಾರದ ಮಾತನ್ನು ಮಕ್ಕಳು ಹೊತ್ತರು. ಒಬ್ಬನು ಮೋಸಗಾರನಾಗಿ ಮನೆ ಬಿಟ್ಟನು, ಇನ್ನೊಬ್ಬನು ಹಗೆಯನ್ನು ಹೊತ್ತು ಉಳಿದನು.

ಹಾಗೆಂದು ದಂಪತಿಗಳು ಒಮ್ಮತಕ್ಕೆ ಬಂದರೆ ಸಾಕು ಎನ್ನುವಂತಿಲ್ಲ. ಆದಿಕಾಂಡ 16ರಲ್ಲಿ ಸಾರಯಳು ಸಲಹೆಕೊಟ್ಟಳು, ಅಬ್ರಾಮನು ಒಪ್ಪಿದನು. ಆದರೆ ಯಾರ ಗರ್ಭವನ್ನು ಕುರಿತು ಆ ಮಾತು ನಡೆಯಿತೋ ಆ ಹಾಗರಳನ್ನು ಯಾರೂ ಕೇಳಲಿಲ್ಲ. ಅವಳನ್ನು ಕೇಳಿದಾತನು ದೇವರು. ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಎಂದು ಆತನ ದೂತನು ಅಡವಿಯಲ್ಲಿ ವಿಚಾರಿಸಿದನು. ಗಂಡಹೆಂಡಿರ ಸಂಭಾಷಣೆಯ ಹೊರಗೆ ನಿಂತಿರುವವರು ಇಂದೂ ಇದ್ದಾರೆ: ಮನೆಗೆಲಸದವಳು, ವೃದ್ಧ ಅತ್ತೆ, ಮದುವೆ ಗೊತ್ತುಮಾಡಲಾಗುತ್ತಿರುವ ಮಗಳು. ಕ್ರೈಸ್ತ ದಂಪತಿಗಳ ಮಾತು ಅವರ ದನಿಗೂ ಕಿವಿಗೊಡಬೇಕು.

ಪೌಲನ ಬೋಧನೆಯಲ್ಲಿ ಸಮ್ಮತಿ

ಕೊರಿಂಥದ ಸಭೆಯವರಿಗೆ ಬರೆಯುತ್ತಾ ಪೌಲನು ದಾಂಪತ್ಯದ ಅತಿ ಗುಟ್ಟಾದ ವಿಷಯವನ್ನೇ ಎತ್ತಿಕೊಳ್ಳುತ್ತಾನೆ. ಹೆಂಡತಿಯ ದೇಹದ ಮೇಲೆ ಗಂಡನಿಗೆ ಅಧಿಕಾರವಿದೆ ಎಂದಷ್ಟೇ ಹೇಳಿ ನಿಲ್ಲಿಸಿದ್ದರೆ ಆ ಕಾಲದವರಿಗೆ ಆಶ್ಚರ್ಯವಾಗುತ್ತಿರಲಿಲ್ಲ. ಅವನು ಅದೇ ಮಾತನ್ನು ತಿರುಗಿಸಿ ಗಂಡನ ದೇಹಕ್ಕೂ ಅನ್ವಯಿಸುತ್ತಾನೆ. ಪ್ರಾರ್ಥನೆಗಾಗಿ ಅಗಲಿರುವುದಾದರೂ ಇಬ್ಬರ ಸಮ್ಮತಿಯಿಂದಲೇ ಆಗಬೇಕೆನ್ನುತ್ತಾನೆ (1 ಕೊರಿಂಥ 7:3-5). ಇಲ್ಲಿ ಬರುವ ಗ್ರೀಕ್ ಪದ ‘ಸುಂಫೋನೋಸ್’. ದನಿಗೂಡುವುದು ಎಂಬುದು ಅದರ ಮೂಲಾರ್ಥ. ಎರಡು ದನಿಗಳಿಲ್ಲದೆ ದನಿಗೂಡುವಿಕೆ ಸಾಧ್ಯವಿಲ್ಲ. ಒಬ್ಬರ ಮೌನವನ್ನು ಸಮ್ಮತಿಯೆಂದು ಎಣಿಸಲು ಈ ಪದ ಎಡೆಗೊಡುವುದಿಲ್ಲ.

ಎಫೆಸದವರಿಗೆ ಬರೆದ ಪತ್ರವನ್ನೂ ಈ ಬೆಳಕಿನಲ್ಲಿ ಓದಬೇಕು. ಹೆಂಡತಿಯರಿಗೆ ಹೇಳಿದ 5:22ನೆಯ ವಚನದಲ್ಲಿ, ಅತಿ ಪ್ರಾಚೀನ ಹಸ್ತಪ್ರತಿಗಳ ಪ್ರಕಾರ, ಕ್ರಿಯಾಪದವೇ ಇಲ್ಲ. ಅದು ಹಿಂದಿನ ವಚನದಿಂದ ಕ್ರಿಯಾಪದವನ್ನು ಪಡೆಯುತ್ತದೆ. ಆ ವಚನವಾದರೋ ಎಲ್ಲರೂ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕೆನ್ನುತ್ತದೆ. ರೋಮಾಯ ಕಾನೂನು ತಂದೆಗೆ ಮಕ್ಕಳ ಮೇಲೆ ಮಿತಿಯಿಲ್ಲದಂಥ ಅಧಿಕಾರ ಕೊಟ್ಟಿದ್ದ ಕಾಲದಲ್ಲಿ, ಮಕ್ಕಳಿಗೆ ಕೋಪವೆಬ್ಬಿಸಬೇಡಿರೆಂದು ಈ ಪತ್ರ ತಂದೆಗಳಿಗೇ ಎಚ್ಚರಿಕೆ ಕೊಡುತ್ತದೆ (6:4). ಅಧಿಕಾರವಿದ್ದವನಿಗೆ ಮೊದಲು ಕೇಳುವುದನ್ನು ಕಲಿಸುವುದು ಈ ಬೋಧನೆಯ ಧಾಟಿ.

ವಿಟೆನ್‌ಬರ್ಗಿನ ಮನೆ

ಸಭೆಯ ಚರಿತ್ರೆಯಲ್ಲಿ ಇದಕ್ಕೆ ನಿದರ್ಶನವಾಗಿ ಮಾರ್ಟಿನ್ ಲೂಥರ್ ಮತ್ತು ಕಾಥರೀನಾ ಫಾನ್ ಬೋರಾ ಅವರ ದಾಂಪತ್ಯವನ್ನು ನೋಡಬಹುದು. ಮಾಜಿ ಸನ್ಯಾಸಿಯೂ ಮಾಜಿ ಸನ್ಯಾಸಿನಿಯೂ 1525ರ ಜೂನ್ ತಿಂಗಳಲ್ಲಿ ಮದುವೆಯಾದದ್ದೇ ಅಂದಿನ ಸಮಾಜದ ನಿರೀಕ್ಷೆಯನ್ನು ಮೀರಿದ ಕಾರ್ಯ. ಅದಕ್ಕೆ ಮೂರು ವರ್ಷ ಮೊದಲೇ, ದಾಂಪತ್ಯ ಜೀವನವನ್ನು ಕುರಿತ ಬರಹದಲ್ಲಿ ಲೂಥರನು, ಮಗುವಿನ ಬಟ್ಟೆ ಒಗೆಯುವ ತಂದೆಯನ್ನು ನೋಡಿ ಜನ ನಕ್ಕರೂ ದೇವರು ಆ ಕೆಲಸವನ್ನು ಮೆಚ್ಚುವನೆಂದು ವಾದಿಸಿದ್ದನು. ದಂಪತಿಗಳಿಗೆ ಆರು ಮಕ್ಕಳಾದರು. ಎಲಿಸಬೇತಳು ಹಸುಳೆಯಾಗಿರುವಾಗಲೇ 1528ರಲ್ಲಿ ತೀರಿಕೊಂಡಳು. ಮಗ್ದಲೇನಳು 1542ರಲ್ಲಿ, 13ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅದೇ 1542ರಲ್ಲಿ ಲೂಥರನು ಬರೆದ ಮರಣಶಾಸನವು ಗಮನಾರ್ಹ. ವಿಧವೆಗೂ ಮಕ್ಕಳಿಗೂ ಪುರುಷ ಪಾಲಕರನ್ನು ನೇಮಿಸುವ ಸ್ಯಾಕ್ಸನ್ ರೂಢಿಗೆ ವಿರುದ್ಧವಾಗಿ, ಮಕ್ಕಳಿಗೆ ತಾಯಿಗಿಂತ ಒಳ್ಳೆಯ ಪಾಲಕರಿಲ್ಲವೆಂದು ಅವನು ಎಲ್ಲವನ್ನೂ ಕಾಥರೀನಾಳ ವಶಕ್ಕೆ ಕೊಟ್ಟನು. ಆ ನಂಬಿಕೆ ಒಂದೇ ದಿನದಲ್ಲಿ ಹುಟ್ಟುವಂಥದಲ್ಲ. ಇಬ್ಬರೂ ಹದಿನೇಳು ವರ್ಷ ಒಂದು ಮನೆಯ ಸಾಲ, ಸಾವು, ಅತಿಥಿಗಳು, ಮಕ್ಕಳು ಎಲ್ಲವನ್ನೂ ಕೂಡಿ ನಿಭಾಯಿಸಿದ್ದರು.

ನಮ್ಮ ನಾಡಿನ ಕುಟುಂಬಗಳು

ಕರಾವಳಿಯ ಸಭೆಗಳ ಚರಿತ್ರೆ ಈ ವಿಷಯಕ್ಕೆ ಇನ್ನೊಂದು ಮಗ್ಗುಲನ್ನು ಕೂಡಿಸುತ್ತದೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿನಲ್ಲಿ ಕಾರ್ಯ ಆರಂಭಿಸಿತು. ಅದರ ಸಭೆಗಳಿಗೆ ಸೇರಿದವರಲ್ಲಿ ಅಳಿಯಸಂತಾನ ಕಟ್ಟಿನ ಮನೆಗಳಿಂದ ಬಂದವರು, ವಿಶೇಷವಾಗಿ ಬಿಲ್ಲವರು, ಬಹಳ ಮಂದಿ. ಆ ಕಟ್ಟಿನಲ್ಲಿ ಆಸ್ತಿ ತಾಯಿಯ ವಂಶದಲ್ಲಿ ಇಳಿಯುತ್ತಿತ್ತು, ಮಕ್ಕಳ ಮೇಲೆ ಸೋದರಮಾವನ ಮಾತು ನಡೆಯುತ್ತಿತ್ತು. ತಂದೆಯೇ ಮನೆಯ ತಲೆ ಎಂಬ ಯೂರೋಪಿನ ಮಾದರಿ ಸುವಾರ್ತೆಯ ಜೊತೆಗೆ ಬಂತು. ಇದರಿಂದ ತಂದೆಗೆ ತನ್ನ ಮಕ್ಕಳ ಹೊಣೆ ನೇರವಾಗಿ ದೊರಕಿತು. ಹೆಣ್ಣಿಗೆ ತವರಿನ ಆಸರೆ ಸಡಿಲವಾಯಿತು. ಒಂದು ಸಮಾಜದ ಕುಟುಂಬಪದ್ಧತಿಯನ್ನೇ ಸುವಾರ್ತೆಯ ಪದ್ಧತಿಯೆಂದು ಎಣಿಸಿದಾಗ ಲಾಭದ ಜೊತೆಗೆ ನಷ್ಟವೂ ಆಗುತ್ತದೆ. ಆ ಮಾದರಿಯನ್ನು ತಂದವರ ಮನೆಗಳೂ ನೋವಿಲ್ಲದವುಗಳಲ್ಲ. ಮಿಷನರಿಗಳು ಮದುವೆಯಾಗಲು ಬಾಸೆಲಿನ ಸಮಿತಿಯ ಅಪ್ಪಣೆ ಬೇಕಾಗಿತ್ತು. ಅವರ ಎಳೆಯ ಮಕ್ಕಳನ್ನು ವಿದ್ಯಾಭ್ಯಾಸಕ್ಕಾಗಿ ಯೂರೋಪಿಗೆ ಕಳುಹಿಸಿ ತಂದೆತಾಯಿಗಳು ವರ್ಷಗಟ್ಟಲೆ ಅಗಲಿರುತ್ತಿದ್ದರು. ಕುಟುಂಬವು ಎಲ್ಲ ಕಾಲದಲ್ಲೂ ಯಾವುದೋ ಒಂದು ಸಂಸ್ಕೃತಿಯ ಉಡುಪಿನಲ್ಲೇ ಇರುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಯಾವುದು ಉಡುಪು, ಯಾವುದು ಒಡಲು ಎಂದು ವಿವೇಚಿಸುವ ಕೆಲಸ ಪ್ರತಿಯೊಂದು ತಲೆಮಾರಿನ ದಂಪತಿಗಳದು.

ಇಂದಿನ ಪ್ರಶ್ನೆಗಳು ಬೇರೆ. ಮಕ್ಕಳೊಡನೆ ಮನೆಯಲ್ಲಿ ಕನ್ನಡ ಆಡಬೇಕೋ ಇಂಗ್ಲಿಷ್ ಆಡಬೇಕೋ? ಹೆಂಡತಿಯ ವಯಸ್ಸಾದ ತಂದೆತಾಯಿಗಳನ್ನು ನೋಡಿಕೊಳ್ಳುವವರು ಯಾರು? ಗಂಡುಮಗುವಿಗಾಗಿ ಹಿರಿಯರು ಒತ್ತಾಯಿಸಿದರೆ ಅವರಿಗೆ ಉತ್ತರ ಹೇಳಬೇಕಾದವರು ಯಾರು? ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲೇ ಬಂದಿದ್ದರೂ ಉಡುಗೊರೆಯ ಹೆಸರಿನಲ್ಲಿ ಬರುವುದನ್ನು ಬೇಡವೆನ್ನುವ ಧೈರ್ಯ ಎಲ್ಲಿಂದ ಬರಬೇಕು? ಇವುಗಳಿಗೆ ಧರ್ಮಪೀಠದಿಂದ ಸಿದ್ಧ ಉತ್ತರವಿಲ್ಲ. ಗಂಡನು ತನ್ನ ತಾಯಿಗೆ ಹೇಳಲಾರದ್ದನ್ನು ಹೆಂಡತಿಯ ಬಾಯಿಂದ ಹೇಳಿಸುವುದು, ಹೆಂಡತಿಯು ಗಂಡನಿಗೆ ಹೇಳಲಾರದ್ದನ್ನು ಮಕ್ಕಳ ಕಿವಿಯಲ್ಲಿ ಹೇಳುವುದು, ಇವೆರಡೂ ರೆಬೆಕ್ಕಳ ಮನೆಯ ದಾರಿ. ಮೊದಲು ಇಬ್ಬರೂ ಕುಳಿತು ಮಾತನಾಡಿ, ಆಮೇಲೆ ಅವರವರ ಹಿರಿಯರಿಗೆ ಅವರವರೇ ಗೌರವದಿಂದ ಉತ್ತರಿಸುವುದು ಹೆಚ್ಚು ಪ್ರಾಮಾಣಿಕವಾದ ದಾರಿ.

ಸಭೆಯ ಹೊಣೆ

ಸಭಾಪಾಲಕರಿಗೆ ಮೂರು ಸಂಗತಿಗಳನ್ನು ಸೂಚಿಸುತ್ತೇವೆ. ಮೊದಲನೆಯದು, ವಿವಾಹಪೂರ್ವ ಸಮಾಲೋಚನೆಯಲ್ಲಿ ವಧೂವರರಿಗೆ ಉಪದೇಶಿಸುವುದಕ್ಕಿಂತ ಅವರೇ ಪರಸ್ಪರ ಮಾತನಾಡುವಂತೆ ಮಾಡಬೇಕು. ಹಣ, ಮಕ್ಕಳು, ಕೆಲಸ, ಎರಡು ಮನೆಗಳ ಹಿರಿಯರು ಇವುಗಳಲ್ಲಿ ಒಬ್ಬೊಬ್ಬರ ನಿರೀಕ್ಷೆಯನ್ನು ಇನ್ನೊಬ್ಬರು ತಮ್ಮ ಮಾತಿನಲ್ಲಿ ಮರಳಿ ಹೇಳುವಂತೆ ಕೇಳಿದರೆ, ಎಲ್ಲಿ ಕೇಳಿಸಿಲ್ಲವೆಂಬುದು ಅವರಿಗೇ ಗೊತ್ತಾಗುತ್ತದೆ. ಎರಡನೆಯದು, ಮಕ್ಕಳಾದ ಮೇಲೂ ಈ ಕೆಲಸ ಮುಂದುವರಿಯಬೇಕು. ದೀಕ್ಷಾಸ್ನಾನದ ಸಮಯದಲ್ಲಿ ತಂದೆತಾಯಿಗಳಿಬ್ಬರೂ ಪ್ರತಿಜ್ಞೆ ಮಾಡುವುದರಿಂದ, ಆ ಪ್ರತಿಜ್ಞೆಗೆ ಮುಂಚಿನ ಭೇಟಿಯಲ್ಲಿ ಇಬ್ಬರನ್ನೂ ಕೂರಿಸಿ ಮಾತನಾಡಬೇಕು. ತಂದೆಯು ಕೆಲಸದ ನೆವದಿಂದ ತಪ್ಪಿಸಿಕೊಳ್ಳಬಾರದು.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ಹೊಡೆತ, ಬೆದರಿಕೆ ಇರುವ ಮನೆಯಲ್ಲಿ ಮನಬಿಚ್ಚಿ ಮಾತನಾಡಿರೆಂಬ ಸಲಹೆ ಅಪಾಯಕಾರಿ. ಸಂಭಾಷಣೆಗೆ ಭಯವಿಲ್ಲದ ನೆಲ ಬೇಕು. ಅಂಥ ಹೆಂಗಸನ್ನು ಗಂಡನೆದುರಿಗೆ ಕೂರಿಸಿ ರಾಜಿಮಾಡಿಸುವುದು ಅವಳನ್ನು ಮತ್ತೆ ಹೊಡೆತಕ್ಕೆ ಒಪ್ಪಿಸಿದಂತೆ. ಅವಳ ಮಾತನ್ನು ಪ್ರತ್ಯೇಕವಾಗಿ ಕೇಳಬೇಕು, ಅವಳಿಗೂ ಮಕ್ಕಳಿಗೂ ಸುರಕ್ಷಿತ ಸ್ಥಳ ಒದಗಿಸಬೇಕು, 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ ಕೊಡುವ ನೆರವನ್ನು ತಿಳಿಸಬೇಕು. ಹಾಗರಳನ್ನು ಅಡವಿಯಲ್ಲಿ ವಿಚಾರಿಸಿದ ದೇವರ ಸೇವಕರು ಇದಕ್ಕಿಂತ ಕಡಿಮೆ ಮಾಡಬಾರದು.

ವಾಕ್ಯವು ಶರೀರಧಾರಿಯಾಗಿ ನಮ್ಮ ಮಧ್ಯದಲ್ಲಿ ವಾಸಿಸಿತೆಂದು ನಾವು ನಂಬುತ್ತೇವೆ. ಮಾತನಾಡುವ ದೇವರು, ಕಿವಿಗೊಡುವ ದೇವರು ಎಂಬ ಈ ನಂಬಿಕೆಗೆ ಮನೆಯೊಳಗೂ ಅರ್ಥವಿರಬೇಕಾದರೆ, ಗಂಡಹೆಂಡಿರು ನಿಜವನ್ನು ಪ್ರೀತಿಯಿಂದ ಆಡಲೂ ಆಡಿದ್ದನ್ನು ತಾಳ್ಮೆಯಿಂದ ಕೇಳಲೂ ಕಲಿಯಬೇಕು. ಅದನ್ನು ಕಂಡು ಬೆಳೆಯುವ ಮಕ್ಕಳಿಗೆ ಪ್ರಾರ್ಥನೆ ಎಂದರೇನೆಂಬುದರ ಮೊದಲ ಪಾಠ ಅಲ್ಲಿಯೇ ದೊರಕುತ್ತದೆ.