ಕೆಂಪು ಗೆರೆ ಎಲ್ಲಿ ಹೋಯಿತು?

2007ರ ಹೊಸ ಮೈಕ್ರೋಸಾಫ್ಟ್ ಆಫೀಸ್ ಹಾಕಿಸಿಕೊಂಡ ಅನೇಕರಿಗೆ ಒಂದು ವಿಚಿತ್ರ ತೊಂದರೆ ಎದುರಾಯಿತು. ಅದೇ ಕಂಪ್ಯೂಟರಿನಲ್ಲಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಇಮೇಲ್ ತಂತ್ರಾಂಶ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡುವುದನ್ನೇ ನಿಲ್ಲಿಸಿಬಿಟ್ಟಿತು. ಭಾಷೆ ಆರಿಸುವ ಪಟ್ಟಿ ತೆರೆದರೆ ಅಲ್ಲಿ ಉಳಿದಿದ್ದುದು ಫ್ರೆಂಚ್ ಒಂದೇ. ಇಮೇಲ್ ತಂತ್ರಾಂಶವನ್ನು ಯಾರೂ ಮುಟ್ಟಿರಲಿಲ್ಲ. ಅದರೊಳಗೆ ಏನೂ ಕೆಟ್ಟಿರಲೂ ಇಲ್ಲ.

ಅಸಲಿಗೆ ಔಟ್‌ಲುಕ್ ಎಕ್ಸ್‌ಪ್ರೆಸ್‌ಗೆ ಸ್ವಂತದ್ದೆಂಬ ಸ್ಪೆಲ್ ಚೆಕರ್ ಇರಲೇ ಇಲ್ಲ. ಪಕ್ಕದಲ್ಲಿ ಆಫೀಸ್ ಇದ್ದರೆ ಅದರದನ್ನೇ ಎರವಲು ಪಡೆದು ಕೆಲಸ ಸಾಗಿಸುತ್ತಿತ್ತು. ಹೊಸ ಆಫೀಸಿನಲ್ಲಿ ಪದಪರೀಕ್ಷೆಯ ಕಡತಗಳ ರೀತಿಯೇ ಬದಲಾಯಿತು. ಹಳೆಯ ತಂತ್ರಾಂಶಕ್ಕೆ ಅರ್ಥವಾಗುವಂತೆ ಉಳಿದದ್ದು ಫ್ರೆಂಚ್ ಮಾತ್ರ. ಹಳೆಯ ಆಫೀಸಿನ ಕಡತವನ್ನು ಮತ್ತೆ ತಂದು ಅದರ ಜಾಗದಲ್ಲಿ ಕೂರಿಸಿದವರಿಗೆ ಇಂಗ್ಲಿಷ್ ವಾಪಸು ಬಂತು.

ಈ ಹಳೆಯ ಪ್ರಸಂಗವನ್ನು ಎತ್ತಿಕೊಳ್ಳಲು ಕಾರಣವಿದೆ. ಸ್ಪೆಲ್ ಚೆಕರ್ ಕಾಣೆಯಾದಾಗ ನಾವು ಬೈಯುವುದು ಇಮೇಲ್ ತಂತ್ರಾಂಶವನ್ನು. ಆದರೆ ತಪ್ಪು ಹುಡುಕುವ ಯಂತ್ರ ಬೇರೆ, ಅದು ಓದುವ ಪದಗಳ ಕಡತ ಬೇರೆ, ಇವೆರಡನ್ನೂ ಕರೆಯುವ ಇಮೇಲ್ ಕಿಟಕಿ ಬೇರೆ. ಹೆಚ್ಚಿನ ಸಲ ಕಾಣೆಯಾಗಿರುವುದು ನಡುವಿನ ಆ ಕಡತ.

ಈಗ ಬಹಳ ಜನ ಬಳಸುವ ಇಮೇಲ್ ತಂತ್ರಾಂಶ ಥಂಡರ್‌ಬರ್ಡನ್ನೇ ನೋಡಿ. ಕಾಗದ ಬರೆಯುವ ಕಿಟಕಿಯಲ್ಲಿ ತಪ್ಪು ಪದದ ಕೆಳಗೆ ಕೆಂಪು ಗೆರೆ ಬರುತ್ತಿಲ್ಲವೇ? ಟೈಪ್ ಮಾಡುವಾಗಲೇ ಪರೀಕ್ಷಿಸು ಎಂಬ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಚಾಲೂ ಇದೆಯೇ ಎಂದು ಮೊದಲು ನೋಡಬೇಕು. ಇದ್ದರೆ, ಸ್ಪೆಲ್ಲಿಂಗ್ ಗುಂಡಿಯ ಪಕ್ಕದ ಬಾಣ ಒತ್ತಿ ಯಾವ ಭಾಷೆ ಆರಿಸಿದೆ ಎಂದು ಪರೀಕ್ಷಿಸಬೇಕು. ಬೇಕಾದ ಭಾಷೆಯ ಹೆಸರೇ ಅಲ್ಲಿಲ್ಲದಿದ್ದರೆ ನಿಘಂಟು ಇಲ್ಲವೆಂದೇ ಅರ್ಥ. ಅದೇ ಮೆನುವಿನಿಂದ ಹೊಸ ನಿಘಂಟನ್ನು ಇಳಿಸಿಕೊಳ್ಳಬಹುದು. ಲಿನಕ್ಸ್‌ನಲ್ಲಾದರೆ ನಿಘಂಟು ಪ್ರತ್ಯೇಕ ಪ್ಯಾಕೇಜಾಗಿ ಬರುತ್ತದೆ. ಫೆಡೋರಾದಲ್ಲಿ ಕನ್ನಡದ್ದರ ಹೆಸರು ಹನ್‌ಸ್ಪೆಲ್-ಕೆಎನ್. ಇಷ್ಟರಲ್ಲಿ ಗೆರೆ ಮರಳಿ ಬರುತ್ತದೆ. ಈಚಿನ ಆವೃತ್ತಿಗಳಲ್ಲಿ ಎರಡು ಭಾಷೆಗಳನ್ನು ಒಟ್ಟಿಗೆ ಆರಿಸಬಹುದು. ಕನ್ನಡದ ನಡುವೆ ಇಂಗ್ಲಿಷ್ ಸೇರಿಸಿ ಬರೆಯುವ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ.

ಆದರೆ ಕನ್ನಡದ ಮಟ್ಟಿಗೆ ನಿಜವಾದ ಕೆಲಸ ಇಲ್ಲಿಂದ ಶುರು.

ಥಂಡರ್‌ಬರ್ಡಿನ ಹಿಂದಿರುವ ಯಂತ್ರ ಹನ್‌ಸ್ಪೆಲ್. ಓಪನ್ ಆಫೀಸಿಗಾಗಿ ಕೆವಿನ್ ಹೆಂಡ್ರಿಕ್ಸ್ ಬರೆದಿದ್ದ ಮೈಸ್ಪೆಲ್ ಎಂಬ ಸ್ಪೆಲ್ ಚೆಕರನ್ನು ಹಂಗೇರಿಯ ಲಾಸ್ಲೊ ನೇಮೆತ್ ತಮ್ಮ ಭಾಷೆಗೆ ಒಗ್ಗುವಂತೆ ಬೆಳೆಸಿದ್ದರಿಂದ ಹುಟ್ಟಿದ್ದು ಇದು. ಹಂಗೇರಿಯನ್ ಕೂಡ ಕನ್ನಡದ ಹಾಗೆ ಪದದ ಬಾಲಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ ಸೇರಿಸುತ್ತ ಹೋಗುವ ಭಾಷೆ. ಇಂಥ ಭಾಷೆಗೆ ಬರೀ ಪದಪಟ್ಟಿ ಸಾಲದು. ‘ಮನೆ’ ಬರೆದಿಟ್ಟರೆ ‘ಮನೆಯಲ್ಲಿ’, ‘ಮನೆಯಿಂದ’, ‘ಮನೆಯವರಿಗೂ’, ‘ಮನೆಯಲ್ಲಿದ್ದವರನ್ನೇ’ ಇವಕ್ಕೆಲ್ಲ ಏನು ಮಾಡುವುದು? ಒಂದೊಂದನ್ನೂ ಪಟ್ಟಿಗೆ ಸೇರಿಸುತ್ತ ಕೂತರೆ ಮುಗಿಯುವ ಮಾತಲ್ಲ.

ಆದ್ದರಿಂದ ಹನ್‌ಸ್ಪೆಲ್ ನಿಘಂಟು ಎರಡು ಕಡತಗಳ ಜೋಡಿ. ಒಂದರಲ್ಲಿ ಮೂಲಪದಗಳು, ಪ್ರತಿ ಪದದ ಮುಂದೆ ಒಂದು ಓರೆಗೆರೆ, ಆಮೇಲೆ ಒಂದೆರಡು ಸಂಕೇತಾಕ್ಷರ. ಇನ್ನೊಂದರಲ್ಲಿ ಆ ಸಂಕೇತಾಕ್ಷರಗಳ ನಿಯಮಗಳು. ಎತ್ವದಲ್ಲಿ ಮುಗಿಯುವ ಪದಕ್ಕೆ ಏನನ್ನೂ ತೆಗೆಯದೆ ‘ಯಲ್ಲಿ’ ಸೇರಿಸು ಎಂದು ಒಂದು ಸಾಲು ಬರೆದರೆ ಮನೆ, ಕೆರೆ, ಶಾಲೆ ಎಲ್ಲಕ್ಕೂ ಸಪ್ತಮಿ ಸಿಕ್ಕಿತು. ‘ಊರು’ ಬಂದರೆ ಕೊನೆಯ ಉಕಾರ ತೆಗೆದು ‘ಿನಲ್ಲಿ’ ಹಾಕಬೇಕು. ಹಾಗಾದರೆ ‘ಗುರು’? ಅದೂ ಉಕಾರದಲ್ಲೇ ಮುಗಿಯುತ್ತದೆ, ಆದರೆ ‘ಗುರಿನಲ್ಲಿ’ ಎಂದು ಯಾರೂ ಹೇಳುವುದಿಲ್ಲ. ಅಲ್ಲಿ ‘ಗುರುವಿನಲ್ಲಿ’ ಆಗಬೇಕು. ಕೊನೆಯ ಅಕ್ಷರ ನೋಡಿ ಯಂತ್ರ ಇದನ್ನು ತೀರ್ಮಾನಿಸಲಾರದು. ಯಾವ ಪದಕ್ಕೆ ಯಾವ ಸಂಕೇತ ಎಂದು ಕನ್ನಡ ಬಲ್ಲವರೊಬ್ಬರು ಕೂತು ಗುರುತು ಹಾಕಲೇಬೇಕು. ಸಾವಿರಾರು ಪದಗಳಿಗೆ, ಒಂದೊಂದಾಗಿ. ಹೆಸರಿಲ್ಲದ, ಹೊಗಳಿಕೆ ಸಿಗದ ಈ ದುಡಿಮೆಯನ್ನು ವ್ಯಾಕರಣದ ಕೆಲಸದಷ್ಟೇ ಗೌರವದಿಂದ ಕಾಣಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಕಣ್ಣಿಗೆ ಕಾಣದ ತೊಡಕುಗಳೂ ಇವೆ. ‘ಆಫೀಸ್‌ನಲ್ಲಿ’ ಎಂದು ಬರೆಯುವಾಗ ‘ನ’ ಒತ್ತಕ್ಷರವಾಗದಂತೆ ನಡುವೆ ಅಗೋಚರವಾದ ಒಂದು ಚಿಹ್ನೆ ಕೂರುತ್ತದೆ. ನಿಘಂಟಿನಲ್ಲಿ ಅದಿಲ್ಲದಿದ್ದರೆ ಯಂತ್ರಕ್ಕೆ ಅದು ಬೇರೆಯೇ ಪದ. ‘ಕೋ’ ಅಕ್ಷರದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ತುಂಡು ತುಂಡಾಗಿ ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ. ಹೋಲಿಸಿ ನೋಡುವ ಯಂತ್ರಕ್ಕೆ ಬೇರೆ ಬೇರೆ. ಸರಿಯಾಗಿ ಬರೆದ ಪದದ ಕೆಳಗೂ ಕೆಂಪು ಗೆರೆ ಬಂದು ‘ನನ್ನ ಕನ್ನಡವೇ ತಪ್ಪೇ?’ ಎಂದು ಹುಡುಗರು ಅನುಮಾನಪಡುವುದು ಇದರಿಂದಲೂ ಇರಬಹುದು. ಇಂಥ ರೂಪಗಳನ್ನೆಲ್ಲ ಪರೀಕ್ಷೆಗೆ ಮೊದಲೇ ಒಂದು ಮಾಡಿಕೊಳ್ಳಲು ನಿಯಮಗಳ ಕಡತದಲ್ಲಿ ಅವಕಾಶವಿದೆ.

ಸಲಹೆ ಕೊಡುವ ವಿಷಯದಲ್ಲೂ ಅಷ್ಟೇ. ಇಂಗ್ಲಿಷಿನ ತಪ್ಪುಗಳಲ್ಲಿ ಶೇ 80ಕ್ಕೂ ಹೆಚ್ಚು ಒಂದೇ ಅಕ್ಷರ ಬಿಟ್ಟದ್ದು, ಹೆಚ್ಚಾದದ್ದು, ಬದಲಾದದ್ದು ಅಥವಾ ಪಕ್ಕದ್ದರೊಂದಿಗೆ ಅದಲುಬದಲಾದದ್ದು ಎಂದು ಐಬಿಎಂನ ಫ್ರೆಡ್ ಡಾಮೆರೌ 1964ರಲ್ಲೇ ತೋರಿಸಿದ್ದರು. ನಮ್ಮಲ್ಲಿ ಜಾರುವ ಜಾಗಗಳು ಬೇರೆ: ಲಕಾರ ಳಕಾರ, ನಕಾರ ಣಕಾರ, ಶ ಷ ಸ, ಅಲ್ಪಪ್ರಾಣ ಮಹಾಪ್ರಾಣ. ಇವನ್ನು ಪರಸ್ಪರ ಹತ್ತಿರದ ಅಕ್ಷರಗಳೆಂದು ಹನ್‌ಸ್ಪೆಲ್‌ಗೆ ಕೋಷ್ಟಕದಲ್ಲಿ ತಿಳಿಸಿಡಬಹುದು. ಆಗ ‘ಬಾಲೆಹಣ್ಣು’ ಎಂದವರಿಗೆ ‘ಬಾಳೆಹಣ್ಣು’ ಮೊದಲ ಸಲಹೆಯಾಗಿ ಬರುತ್ತದೆ.

ಸರಿಯಾದ ಪದಕ್ಕೆ ಗೆರೆ ಬಂದಾಗ ಬಲಗುಂಡಿ ಒತ್ತಿ ‘ನಿಘಂಟಿಗೆ ಸೇರಿಸು’ ಎನ್ನುವುದು ನಮ್ಮೆಲ್ಲರ ರೂಢಿ. ಥಂಡರ್‌ಬರ್ಡ್ ಅದನ್ನು ನಿಮ್ಮ ಪ್ರೊಫೈಲಿನಲ್ಲಿರುವ ಒಂದು ಸಾದಾ ಪಠ್ಯ ಕಡತಕ್ಕೆ ಬರೆದಿಡುತ್ತದೆ. ಕಂಪ್ಯೂಟರ್ ಬದಲಿಸುವಾಗ ಅದನ್ನು ನಕಲು ಮಾಡಿಕೊಳ್ಳಲು ಮರೆಯಬೇಡಿ. ಆದರೆ ಅಲ್ಲಿರುವ ಪದಕ್ಕೆ ಪ್ರತ್ಯಯದ ನಿಯಮ ತಗಲುವುದಿಲ್ಲ. ‘ಚಿಕ್ಕಮಗಳೂರು’ ಸೇರಿಸಿದರೂ ‘ಚಿಕ್ಕಮಗಳೂರಿನ’, ‘ಚಿಕ್ಕಮಗಳೂರಿಗೆ’ ಕೆಂಪಾಗಿಯೇ ಉಳಿಯುತ್ತವೆ. ಅದೇ ಪದವನ್ನು ಮುಕ್ತ ನಿಘಂಟಿನ ಮೂಲ ಕಡತದಲ್ಲಿ ಸರಿಯಾದ ಸಂಕೇತದೊಂದಿಗೆ ಬರೆದರೆ ಎಲ್ಲ ವಿಭಕ್ತಿಗಳೂ ಒಟ್ಟಿಗೆ ಬರುತ್ತವೆ, ಮುಂದಿನ ಆವೃತ್ತಿ ಇಳಿಸಿಕೊಳ್ಳುವ ಪ್ರತಿಯೊಬ್ಬರಿಗೂ.