ಹಳೆಯ ಸ್ಪೀಕರಿಗೊಂದು ಅಭ್ಯಂಜನ

1970ರಲ್ಲಿ ಅಮೆರಿಕದ ಜೆಬಿಎಲ್ ಕಂಪನಿ ಎಲ್100 ಸೆಂಚುರಿ ಎಂಬ ಸ್ಪೀಕರನ್ನು ಮಾರುಕಟ್ಟೆಗೆ ತಂದಿತು. ಧ್ವನಿಮುದ್ರಣ ಸ್ಟುಡಿಯೊಗಳಿಗೆಂದು ತಯಾರಾಗುತ್ತಿದ್ದ 4310 ಮಾನಿಟರ್‌ನ ಮನೆಬಳಕೆಯ ರೂಪ ಅದು. 12 ಇಂಚಿನ ಬಿಳಿ ವೂಫರ್, ಅದರ ಮುಂದೆ ಕಿತ್ತಳೆ, ನೀಲಿ ಅಥವಾ ಕಂದು ಬಣ್ಣದ, ಚೌಕಚೌಕವಾಗಿ ಕೊರೆದ ಫೋಮ್ ಮುಚ್ಚಿಗೆ. ಇಂಥ ಹಳೆಯ ಜೋಡಿಯೊಂದು ಈಗ ಕೈಗೆ ಸಿಕ್ಕರೆ ಫೋಮ್ ಮುಟ್ಟಿದಲ್ಲೆಲ್ಲ ಪುಡಿಯಾಗಿ ಉದುರುತ್ತದೆ, ಒಳಗಿನ ಕೆಪಾಸಿಟರ್‌ಗಳು ಸೊರಗಿರುತ್ತವೆ. ಆದರೆ ಮೈಗೆ ಹೊದಿಸಿದ ಅಕ್ರೋಟು ಮರ ಹಾಗಲ್ಲ. ಒಂದು ವಾರಾಂತ್ಯ ಶ್ರದ್ಧೆಯಿಂದ ಕೂತರೆ ಅದು ಮತ್ತೆ ಕಳೆಗಟ್ಟುತ್ತದೆ. ಆ ಮರಕ್ಕೆ ಕಾರ್ಖಾನೆಯಲ್ಲಿ ಕೊಟ್ಟದ್ದು ವಾರ್ನಿಷ್ ಅಲ್ಲ, ಎಣ್ಣೆ.

ವಾರ್ನಿಷ್ ಮರದ ಮೇಲೆ ಪದರವಾಗಿ ಕೂರುತ್ತದೆ. ಅದು ಗೀಚಿದರೆ, ಬಿರುಕು ಬಿಟ್ಟರೆ ತೇಪೆ ಹಾಕುವುದು ಕಷ್ಟ. ಎಷ್ಟೋ ಸಲ ಪೂರ್ತಿ ಕೆರೆದು ತೆಗೆಯಬೇಕಾಗುತ್ತದೆ. ಎಣ್ಣೆ ಮರದ ರಂಧ್ರಗಳಿಗೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ. ವರ್ಷಗಳ ನಂತರ ಹಚ್ಚಿದ ಹೊಸ ಎಣ್ಣೆ ಹಳೆಯದರೊಂದಿಗೆ ಹೊಂದಿಕೊಳ್ಳುತ್ತದೆ. ಅಂದರೆ ಸ್ಪೀಕರಿನ ಮಾಲೀಕನೇ ತನ್ನ ಕೈಯಾರೆ ಅದನ್ನು ನೋಡಿಕೊಳ್ಳಬಲ್ಲ. ಎಡ್ಗರ್ ವಿಲ್ಚರ್ ಸ್ಥಾಪಿಸಿದ ಅಕೌಸ್ಟಿಕ್ ರಿಸರ್ಚ್ ಕಂಪನಿ ತನ್ನ ಪ್ರಸಿದ್ಧ ಎಆರ್-3 ಸ್ಪೀಕರನ್ನು ಪಾಲಿಶ್ ಕಾಣದ ಬರಿಯ ಮರದ ಪೆಟ್ಟಿಗೆಯಲ್ಲೂ ಮಾರುತ್ತಿತ್ತು. ಕೊಂಡವರು ತಮಗೆ ಬೇಕಾದಂತೆ ಮೆರುಗು ಕೊಟ್ಟುಕೊಳ್ಳಲಿ ಎಂಬ ಆ ನಂಬಿಕೆ ನನಗೆ ಬಹಳ ಹಿಡಿಸುತ್ತದೆ.

ಕೆಡುಕು ಶುರುವಾಗುವುದು ಉತ್ಸಾಹ ಹೆಚ್ಚಾದಾಗ. ಈ ಪೆಟ್ಟಿಗೆಗಳಲ್ಲಿ ಬಹುಪಾಲು ಇಡಿಯ ಮರದವಲ್ಲ. ಒಳಗೆ ಪಾರ್ಟಿಕಲ್ ಬೋರ್ಡ್, ಅದರ ಮೇಲೆ ಒಂದು ಮಿಲಿಮೀಟರಿಗಿಂತ ತೆಳುವಾದ ವೆನೀರ್. ಮೆಷಿನ್ ಹಿಡಿದು ಉಜ್ಜಿದರೆ ಅಂಚಿನಲ್ಲಿ ವೆನೀರ್ ಸವೆದು ಹಿಟ್ಟಿನ ಬಣ್ಣದ ಬೋರ್ಡ್ ಇಣುಕಲು ಹೆಚ್ಚು ಹೊತ್ತು ಬೇಡ. ಹಾಗೆ ಹೋದ ಮರ ಯಾವ ಎಣ್ಣೆಗೂ ಮರಳುವುದಿಲ್ಲ. ಬಡಗಿಯ ಕೈಗೆ ಪೆಟ್ಟಿಗೆ ಒಪ್ಪಿಸುವವರು ಈ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಉಪ್ಪುಕಾಗದ ಬೇಕೇ ಬೇಕೆಂದರೆ 320ನೇ ನಂಬರಿನದು, ಬರೀ ಕೈಯಲ್ಲಿ, ಮರದ ಎಳೆಯ ಉದ್ದಕ್ಕೆ, ಹಗುರವಾಗಿ. ಹೆಚ್ಚಿನ ಪೆಟ್ಟಿಗೆಗಳಿಗೆ ಅದೂ ಬೇಡ.

ಎಣ್ಣೆಯ ಡಬ್ಬಿ ತೆರೆಯುವ ಮೊದಲು ಮರದ ಮೇಲೆ ಈಗ ಏನಿದೆ ಎಂದು ತಿಳಿಯಬೇಕು. ಹಿಂಬದಿಯ ಅಂಚಿನಲ್ಲಿ ಒಂದು ಹನಿ ಸ್ಪಿರಿಟ್ ಇಟ್ಟು ನೋಡಿ. ಅಂಟಂಟಾದರೆ ಅದು ಅರಗಿನ ಪಾಲಿಶ್, ನಮ್ಮ ಬಡಗಿಗಳು ಸ್ಪಿರಿಟ್ ಪಾಲಿಶ್ ಎನ್ನುವುದು. ಸ್ಪಿರಿಟಿಗೆ ಜಗ್ಗದೆ ಥಿನ್ನರಿಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದೆ, ನೀರಿನ ಹನಿಯನ್ನು ಮರ ಮೆಲ್ಲಗೆ ಹೀರಿ ಕಪ್ಪಾದರೆ ಬಹುಶಃ ಎಣ್ಣೆಯೇ. ಲ್ಯಾಕರ್ ಮೇಲೆ ಎಣ್ಣೆ ಸುರಿದರೆ ಒಳಗಿಳಿಯಲು ದಾರಿಯಿಲ್ಲದೆ ಮೇಲೆಯೇ ಜಿಗುಟಾಗಿ ಉಳಿದು ಧೂಳು ಹಿಡಿಯುತ್ತದೆ.

ಆಮೇಲೆ ಶುಚಿ. ಟರ್ಪೆಂಟೈನ್‌ನಲ್ಲಿ ಅದ್ದಿದ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ದಶಕಗಳ ಮೇಣ, ಕೈಜಿಡ್ಡು, ಅಡುಗೆಮನೆಯ ಹೊಗೆ ಎಲ್ಲ ಕಂದಾಗಿ ಬಟ್ಟೆಗೆ ಬರುತ್ತದೆ. ಮೊದಲೇ ವೂಫರ್, ಟ್ವೀಟರ್‌ಗಳನ್ನು ಬಿಚ್ಚಿಡಬೇಕು, ಇಲ್ಲವೇ ರಟ್ಟಿನಿಂದ ಮುಚ್ಚಬೇಕು. ಆ ಬಿಳಿ ಕೋನಿನ ಮೇಲೆ ಬಿದ್ದ ಎಣ್ಣೆಹನಿ ಅಳಿಯದ ಕಲೆ. ಮರಗೆಲಸದವರು ಮೆರುಗಿಗೆ ಬಳಸುವ ನವಿರಾದ ಉಕ್ಕಿನ ನಾರನ್ನು ಸ್ಪೀಕರಿನ ಹತ್ತಿರವೂ ತರಬಾರದು. ಅದರ ಉದುರಿದ ಚೂರುಗಳನ್ನು ಅಯಸ್ಕಾಂತ ಸೆಳೆದುಕೊಳ್ಳುತ್ತದೆ, ಸುರುಳಿ ಓಡಾಡುವ ಸಂದಿಗೆ ಅವು ಸೇರಿದರೆ ಕರಕರ ಸದ್ದು ಶಾಶ್ವತ.

ಹೂಕುಂಡ ಇಟ್ಟಲ್ಲಿ ಮೂಡಿದ ಕಪ್ಪು ಉಂಗುರ ಒರೆಸಿದರೆ ಹೋಗುವುದಿಲ್ಲ. ಮರದೊಳಗಿನ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಆದ ಕಲೆ ಅದು. ಆಕ್ಸಾಲಿಕ್ ಆಮ್ಲದ ದ್ರಾವಣ ಅದನ್ನು ತಿಳಿಯಾಗಿಸುತ್ತದೆ. ಅದು ವಿಷ, ಕೈಗವಸು ಕಡ್ಡಾಯ.

ಇನ್ನು ಯಾವ ಎಣ್ಣೆ? ನಮ್ಮ ಮನೆಗಳಲ್ಲಿ ಮೊದಲು ಕೈಗೆ ಬರುವುದು ಕೊಬ್ಬರಿ ಎಣ್ಣೆ. ಹಚ್ಚಿದ ದಿನ ಮರ ಫಳಫಳ ಹೊಳೆಯುತ್ತದೆ ನಿಜ, ಆದರೆ ಅದು ಎಂದೂ ಒಣಗದ ಎಣ್ಣೆ. ಕಡಲೆಕಾಯಿ ಎಣ್ಣೆಯೂ ಅಷ್ಟೇ, ಕ್ರಮೇಣ ಕಮಟು ವಾಸನೆ ಬೇರೆ. ಬೇಕಾದದ್ದು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವ ಎಣ್ಣೆ. ಕ್ರಿಕೆಟ್ ಬ್ಯಾಟಿಗೆ ಹಚ್ಚುವ ಅಗಸೆ ಎಣ್ಣೆ ಆ ಜಾತಿಯದು. ಹಸಿ ಅಗಸೆ ಎಣ್ಣೆ ಒಣಗಲು ದಿನಗಟ್ಟಲೆ ಬೇಕು. ಪೇಂಟ್ ಅಂಗಡಿಯ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಬೇಗ ಒಣಗುತ್ತದೆ. ಅಗಸೆ ಅಥವಾ ಟಂಗ್ ಎಣ್ಣೆಗೆ ಒಂದಿಷ್ಟು ವಾರ್ನಿಷ್ ಬೆರೆಸಿದ್ದನ್ನು ಡ್ಯಾನಿಷ್ ಆಯಿಲ್ ಎಂದು ಮಾರುತ್ತಾರೆ, ಅಕ್ರೋಟಿಗೆ ನಾನು ಅದನ್ನೇ ಹೇಳುತ್ತೇನೆ. ಟೀಕ್ ಆಯಿಲ್ ಎಂಬ ಹೆಸರು ನೋಡಿ ಸಾಗುವಾನಿಯಿಂದ ತೆಗೆದದ್ದು ಎಂದುಕೊಳ್ಳಬೇಡಿ, ಅದೂ ಇಂಥದೇ ಮಿಶ್ರಣ. ಸಿಲಿಕೋನ್ ಇರುವ ಸ್ಪ್ರೇ ಪಾಲಿಶ್ ಮಾತ್ರ ಬೇಡ, ಮುಂದೆ ಯಾವ ಮೆರುಗೂ ಸರಿಯಾಗಿ ಹಿಡಿಯದಂತೆ ಮಾಡುತ್ತದೆ.

ಧಾರಾಳವಾಗಿ ಹಚ್ಚಿ, ಕಾಲು ಗಂಟೆ ಕುಡಿಯಲು ಬಿಡಿ. ಮರಕ್ಕೆ ಬೇಕಾದಷ್ಟನ್ನು ಮರ ತೆಗೆದುಕೊಂಡಿರುತ್ತದೆ. ಉಳಿದದ್ದನ್ನು ಒಂದು ತೊಟ್ಟೂ ಬಿಡದೆ ಒರೆಸಿಬಿಡಬೇಕು. ಇಡೀ ಕೆಲಸದ ಗುಟ್ಟು ಈ ಒರೆಸುವುದರಲ್ಲಿದೆ. ಬಿಟ್ಟರೆ ಅದೇ ಅಂಟು. ಮಾರನೆಯ ದಿನ ಎರಡನೆಯ ಕೈ, ಅದು ಒಣಗಿದ ಮೇಲೆ ತೆಳುವಾಗಿ ಮೂರನೆಯದು. ಮಲೆನಾಡು, ಕರಾವಳಿಯವರು ಮಳೆಗಾಲ ಮುಗಿಯುವವರೆಗೆ ಕಾಯುವುದು ಮೇಲು. ತೇವದಲ್ಲಿ ಎಣ್ಣೆ ಒಣಗದು, ಅಗಸೆ ಎಣ್ಣೆಯ ಮೇಲೆ ಬೂಷ್ಟು ಹಿಡಿಯುವುದೂ ಉಂಟು.

ಒರೆಸಿದ ಬಟ್ಟೆಯ ವಿಷಯ ಪ್ರತ್ಯೇಕವಾಗಿ ಹೇಳಲೇಬೇಕು. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಉಂಡೆಗಟ್ಟಿ ಬಿಸಾಡಿದ ಬಟ್ಟೆಯಲ್ಲಿ ಆ ಶಾಖ ಹೊರಹೋಗದೆ ಏರುತ್ತಾ ಹೋಗಿ, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. 1991ರ ಫೆಬ್ರುವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ 38 ಮಹಡಿಯ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡ ಹೊತ್ತಿದ್ದು ಹೀಗೆಯೇ. 22ನೇ ಮಹಡಿಯಲ್ಲಿ ಗೋಡೆಯ ಮರದ ಹಲಗೆಗಳಿಗೆ ಮೆರುಗು ಕೊಡುತ್ತಿದ್ದವರು ಅಗಸೆ ಎಣ್ಣೆಯ ಬಟ್ಟೆಗಳನ್ನು ಬಿಟ್ಟು ಹೋಗಿದ್ದರು. ಮೂವರು ಅಗ್ನಿಶಾಮಕರು ಪ್ರಾಣ ಕಳೆದುಕೊಂಡರು. 30ನೇ ಮಹಡಿಯ ಸ್ಪ್ರಿಂಕ್ಲರ್‌ಗಳು ತಡೆಯುವವರೆಗೂ ಬೆಂಕಿ ಮೇಲೇರುತ್ತಲೇ ಇತ್ತು. ಆದ್ದರಿಂದ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಹೊರಗೆ ಹರವಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಬೇಕು. ಮನೆಯೊಳಗೆ ಕಸದ ಬುಟ್ಟಿಗೆ ಎಂದೂ ಹಾಕಬಾರದು.

ಎಣ್ಣೆ ಕುಡಿದ ಪೆಟ್ಟಿಗೆಯ ಧ್ವನಿ ಬದಲಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಕೂದಲೆಳೆಯಷ್ಟೂ ದಪ್ಪವಿಲ್ಲದ ಎಣ್ಣೆಗೆ ಆ ಶಕ್ತಿ ಇಲ್ಲ. ಕಣ್ಣಿಗೆ ಕಾಣುವ ವ್ಯತ್ಯಾಸ ಮಾತ್ರ ದೊಡ್ಡದು: ಬೂದುಬೂದಾಗಿದ್ದ ಮರದಲ್ಲಿ ಎಳೆಗಳು ಎದ್ದು ಬರುತ್ತವೆ. ಹಾಗಿದ್ದೂ ಜೋಡಿಯಲ್ಲಿ ಒಂದು ಇನ್ನೊಂದಕ್ಕಿಂತ ತಿಳಿಯಾಗಿಯೇ ಉಳಿದರೆ ಎಣ್ಣೆಯನ್ನು ದೂರಬೇಡಿ. ಸಾಗುವಾನಿ, ಮಹಾಗನಿಗಳು ಬೆಳಕಿಗೆ ಕಪ್ಪಾಗುತ್ತವೆ, ಅಕ್ರೋಟು ತಿಳಿಯಾಗುತ್ತದೆ. ಕಿಟಕಿಯ ಪಕ್ಕದ ಪೆಟ್ಟಿಗೆ ವರ್ಷಗಟ್ಟಲೆ ಬಿಸಿಲು ತಿಂದಿರುತ್ತದೆ. ಇನ್ನು ಮುಂದೆ ವರ್ಷಕ್ಕೊಮ್ಮೆ ತೆಳುವಾಗಿ ಎಣ್ಣೆ ಹಚ್ಚುವ ದಿನವೇ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟರೆ ಎರಡೂ ಬಣ್ಣದಲ್ಲಿ ಹತ್ತಿರವಾಗುತ್ತಾ ಬರುತ್ತವೆ.