ವ್ಯಾಟು ಏರಿದರೆ ಬೆಳಕು ಏರುತ್ತದೆಯೇ? ರಂಗದ, ಸಿನಿಮಾದ ದೀಪಗಳ ಸುತ್ತ ಕೆಲವು ತಪ್ಪು ಕಲ್ಪನೆಗಳು

ಚಿತ್ರದುರ್ಗ ಜಿಲ್ಲೆಯ ದೇವಸಮುದ್ರ ಹೋಬಳಿಯ ಊರುಗಳಲ್ಲಿ ‘ಕುರುಕ್ಷೇತ್ರ’ ಆಡಬೇಕೆಂದರೆ ಹಾರ್ಮೋನಿಯಂ ಮೇಷ್ಟ್ರು ನಿಕ್ಕಿಯಾಗಬೇಕು, ಸೀನರಿಯವರಿಗೆ ಮುಂಗಡ ಹೋಗಬೇಕು, ಆಮೇಲೆ ಲೈಟಿಂಗ್‌ನವರ ಜೊತೆ ಚೌಕಾಸಿ. ಅದು ನಡೆಯುವುದು ಹೆಚ್ಚಾಗಿ ಒಂದೇ ಲೆಕ್ಕದ ಮೇಲೆ: ಎಷ್ಟು ಲೈಟು, ಎಷ್ಟು ವ್ಯಾಟು? ದೀಪವನ್ನು ಎಲ್ಲಿ ನಿಲ್ಲಿಸುತ್ತಾರೆ, ಅದರ ಬಾಯಿ ಎಷ್ಟು ಅಗಲ, ಬಣ್ಣ ಯಾವುದು ಎಂದು ಕೇಳುವವರು ಕಡಿಮೆ. ಹಿಂದಿನ ಸಾಲಿನಲ್ಲಿ ಕೂತವರಿಗೆ ದುರ್ಯೋಧನನ ಮುಖ ಕಾಣುವುದೂ ಕಾಣದಿರುವುದೂ ತೀರ್ಮಾನವಾಗುವುದು ಮಾತ್ರ ಈ ಮೂರರಿಂದಲೇ.

ತಪ್ಪು ಕಲ್ಪನೆ: ವ್ಯಾಟು ಹೆಚ್ಚಿದಷ್ಟೂ ಬೆಳಕು ಹೆಚ್ಚು

ಸತ್ಯ: ವ್ಯಾಟು ಎಂಬುದು ದೀಪ ನುಂಗುವ ವಿದ್ಯುತ್ತಿನ ಲೆಕ್ಕ, ಉಗುಳುವ ಬೆಳಕಿನದಲ್ಲ. ಬೆಳಕನ್ನು ಅಳೆಯುವುದು ಲ್ಯುಮೆನ್‌ನಲ್ಲಿ. ಹ್ಯಾಲೋಜನ್ ಬಲ್ಬು ಒಂದು ವ್ಯಾಟಿಗೆ ಸುಮಾರು 20ರಿಂದ 25 ಲ್ಯುಮೆನ್ ಕೊಟ್ಟರೆ, ಒಳ್ಳೆಯ ಎಲ್‌ಇಡಿ 100ರ ಆಸುಪಾಸಿಗೆ ಬರುತ್ತದೆ. ಹ್ಯಾಲೋಜನ್ ಎಳೆದುಕೊಂಡ ವಿದ್ಯುತ್ತಿನ ಬಹುಪಾಲು ಬೆಳಕಾಗದೆ ಶಾಖವಾಗಿ ಹೋಗುತ್ತದೆ. ಕಿರೀಟ, ಎದೆಕವಚ ತೊಟ್ಟ ಭೀಮ ಎರಡನೇ ದೃಶ್ಯಕ್ಕೇ ಬೆವೆತು ಬಣ್ಣ ಇಳಿಸಿಕೊಳ್ಳುವುದು ಇದರಿಂದ.

ದೂರದ ಲೆಕ್ಕ ಇದಕ್ಕಿಂತಲೂ ಕಟ್ಟುನಿಟ್ಟು. ಚಿಕ್ಕ ದೀಪವೊಂದನ್ನು ಹತ್ತು ಅಡಿಯಿಂದ ಇಪ್ಪತ್ತು ಅಡಿಗೆ ಸರಿಸಿದರೆ ಮುಖದ ಮೇಲೆ ಬೀಳುವ ಬೆಳಕು ಅರ್ಧವಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಲೈಟು ಸಾಲದು ಎಂದು ಇನ್ನೆರಡಕ್ಕೆ ಬಾಡಿಗೆ ಕೊಡುವ ಮೊದಲು ಇರುವುದನ್ನೇ ನಾಲ್ಕು ಹೆಜ್ಜೆ ಮುಂದೆ ತಂದು ನೋಡಬಹುದು. ವ್ಯಾಟಿನ ಜೊತೆ ಖಂಡಿತ ಏರುವುದು ವೈರಿನ ಮೇಲಿನ ಭಾರ: 1000 ವ್ಯಾಟಿನ ಒಂದು ಲೈಟು 230 ವೋಲ್ಟಿನಲ್ಲಿ 4.3 ಆಂಪಿಯರ್‌ನಷ್ಟು ಎಳೆಯುತ್ತದೆ. ಹತ್ತು ಲೈಟಿಗೆ 43 ಆಂಪಿಯರ್. ಪಕ್ಕದ ಮನೆಯ ಸ್ವಿಚ್‌ಬೋರ್ಡಿನಿಂದ ವೈರು ಎಳೆದು ಹೊರುವ ಭಾರವಲ್ಲ ಅದು.

ತಪ್ಪು ಕಲ್ಪನೆ: ಗ್ಯಾಸ್‌ಲೈಟಿನಲ್ಲಿ ಉರಿಯುತ್ತಿದ್ದದ್ದು ಬಟ್ಟೆಯ ಬತ್ತಿ

ಸತ್ಯ: ಕರೆಂಟು ಬಾರದ ಕಾಲದಲ್ಲಿ ಬಯಲಾಟದ ಅಟ್ಟಕ್ಕೆ ಪಂಜಿನ ನಂತರ ಬಂದ ಗ್ಯಾಸ್‌ಲೈಟು ಎಂದರೆ ಪೆಟ್ರೋಮ್ಯಾಕ್ಸ್. ಇದನ್ನು 1910ರ ಸುಮಾರಿಗೆ ರೂಪಿಸಿದ್ದು ಬರ್ಲಿನ್ನಿನ ಮ್ಯಾಕ್ಸ್ ಗ್ರೇಟ್ಸ್. ಪಂಪು ಹೊಡೆದಾಗ ಒತ್ತಡಕ್ಕೆ ಸೀಮೆಎಣ್ಣೆ ಮೇಲೇರಿ, ಬಿಸಿಗೆ ಆವಿಯಾಗಿ, ಗಾಳಿಯೊಂದಿಗೆ ಬೆರೆತು ಉರಿಯುತ್ತದೆ. ಆ ಉರಿ ನೀಲಿ, ಬೆಳಕು ಅಷ್ಟಕ್ಕಷ್ಟೆ. ಬೆಳ್ಳಗೆ ಹೊಳೆಯುವುದು ಅದರ ಸುತ್ತಲಿನ ಮ್ಯಾಂಟಲ್.

ಹೊಸ ಮ್ಯಾಂಟಲ್ ಕಟ್ಟಿ ಮೊದಲ ಸಲ ಕಡ್ಡಿ ಗೀರಿದಾಗಲೇ ಅದರ ಬಟ್ಟೆ ಸುಟ್ಟುಹೋಗುತ್ತದೆ. ಉಳಿಯುವುದು ನೂಲಿನ ಆಕಾರದಲ್ಲೇ ನಿಂತ ಥೋರಿಯಂ ಮತ್ತು ಸೀರಿಯಂ ಆಕ್ಸೈಡುಗಳ ಬಲೆ, ಸುಮಾರು 99ಕ್ಕೆ 1ರ ಪಾಲಿನಲ್ಲಿ. ಬೆರಳು ತಾಕಿದರೆ ಪುಡಿಯಾಗುವಷ್ಟು ಸೂಕ್ಷ್ಮ. ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಕ್ 1885ರಲ್ಲಿ ಮ್ಯಾಂಟಲಿಗೆ ಪೇಟೆಂಟ್ ಪಡೆದು, 1891ರ ಹೊತ್ತಿಗೆ ಈ ಮಿಶ್ರಣಕ್ಕೆ ಬಂದು ಮುಟ್ಟಿದ್ದರು. ಅಟ್ಟದ ಮೇಲೆ ಕುಣಿತ ಜೋರಾದಾಗ ಒಮ್ಮೊಮ್ಮೆ ದೀಪ ಕೆಡುತ್ತಿದ್ದದ್ದು ಎಣ್ಣೆ ತೀರಿ ಅಲ್ಲ, ಅದುರಿಗೆ ಈ ಬಲೆ ಉದುರಿ.

ತಪ್ಪು ಕಲ್ಪನೆ: ತೊಗಲುಗೊಂಬೆಯ ನೆರಳು ಕಪ್ಪು

ಸತ್ಯ: ಬಳ್ಳಾರಿ, ಚಿತ್ರದುರ್ಗದ ಕಡೆ ಕಿಳ್ಳೇಕ್ಯಾತರು ಆಡಿಸುತ್ತ ಬಂದ, ಬೆಳಗಲ್ಲು ವೀರಣ್ಣ ಅವರು ಸ್ವಾತಂತ್ರ್ಯ ಹೋರಾಟದ ಕಥೆಗೂ ಒಗ್ಗಿಸಿದ ಈ ಆಟದಲ್ಲಿ ಪರದೆಯ ಮೇಲೆ ಮೂಡುವುದು ಬಣ್ಣದ ಚಿತ್ರ. ಹದಮಾಡಿದ ತೊಗಲು ಬೆಳಕು ಹಾಯುವಷ್ಟು ತೆಳ್ಳಗಿದ್ದು, ಬಳಿದ ಕೆಂಪು, ಹಸಿರುಗಳ ಮೂಲಕ ಸೋಸಿ ಬಂದ ಬೆಳಕು ಪರದೆಗೆ ಬೀಳುತ್ತದೆ. ಸ್ಟುಡಿಯೋದ ಜಿಲೆಟಿನ್ ಹಾಳೆ ಮಾಡುವುದೂ ಇದನ್ನೇ.

ಗೊಂಬೆ ಪರದೆಗೆ ಅಂಟಿಕೊಂಡಿದ್ದರೆ ಅಂಚು ಚೂಪು, ದೀಪದ ಕಡೆಗೆ ಸರಿದರೆ ಮಸುಕು. ದೀಪ ಸಣ್ಣದಿದ್ದಷ್ಟೂ ನೆರಳು ಕಟು, ದೊಡ್ಡದಿದ್ದಷ್ಟೂ ಮೆದು. ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ಗೆ (1956) ಛಾಯಾಗ್ರಾಹಕ ಸುಬ್ರತ ಮಿತ್ರ ಸೆಟ್ಟಿನ ಅಂಗಳದ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ದೀಪಗಳನ್ನು ಅದಕ್ಕೆ ಹೊಡೆಸಿ, ಮರಳಿ ಬಂದ ಬೆಳಕಿನಲ್ಲೇ ಚಿತ್ರಿಸಿದರು. ಆಗ ದೀಪವಾಗಿ ಕೆಲಸ ಮಾಡಿದ್ದು ಇಡೀ ಬಟ್ಟೆ. ಇವತ್ತು ಸೆಟ್ಟುಗಳಲ್ಲಿ ಲೈಟ್‌ಬಾಯ್ ಎತ್ತಿ ಹಿಡಿಯುವ ಥರ್ಮೋಕೋಲ್ ಹಲಗೆಯದೂ ಅದೇ ಕೆಲಸ.

ತಪ್ಪು ಕಲ್ಪನೆ: ಬಣ್ಣದ ಲೈಟು ಹೆಚ್ಚಿದ್ದರೆ ನಾಟಕ ಕಳೆಗಟ್ಟುತ್ತದೆ

ಸತ್ಯ: ಡಬ್ಬಿಯ ಬಣ್ಣ ಬೆರೆಯುವ ಬಗೆ ಬೇರೆ, ಬೆಳಕು ಬೆರೆಯುವ ಬಗೆ ಬೇರೆ. ಕೆಂಪು ಲೈಟಿನ ಮೇಲೆ ಹಸಿರು ಲೈಟು ಬಿದ್ದರೆ ಹಳದಿ ಬರುತ್ತದೆ. ನೀಲಿಯೂ ಸೇರಿದರೆ ಬಿಳಿ. ಇನ್ನು ವಸ್ತುವಿನ ಬಣ್ಣ ಕಾಣಬೇಕೆಂದರೆ ಆ ಬಣ್ಣ ಬೆಳಕಿನಲ್ಲಿ ಇರಲೇಬೇಕು. ಕೃಷ್ಣನ ಮುಖದ ನೀಲಿಗೆ ಅಚ್ಚ ಕೆಂಪು ಬಿಟ್ಟರೆ ತಿರುಗಿ ಬರುವ ಬೆಳಕೇ ಇಲ್ಲ: ಗೀತೆ ಹೇಳುವ ಹೊತ್ತಿಗೆ ಮುಖ ಮಸಿ ಹಚ್ಚಿದಂತೆ ಕಾಣುತ್ತದೆ. ಬಿಳಿ ಬೆಳಕು ಮುಖಕ್ಕೆ, ಬಣ್ಣ ಹಿಂದಿನ ಪರದೆಗೆ ಎಂದು ಹಂಚಿಕೊಂಡರೆ ಎರಡೂ ಉಳಿಯುತ್ತವೆ.

ತಪ್ಪು ಕಲ್ಪನೆ: ಬೆಳದಿಂಗಳ ಬಣ್ಣ ನೀಲಿ

ಸತ್ಯ: ಚಂದ್ರನಿಂದ ಬರುವುದು ಸೂರ್ಯನದೇ ಬೆಳಕು, ಅಳೆದು ನೋಡಿದರೆ ಬಿಸಿಲಿಗಿಂತ ತುಸು ಕೆಂಪಿನ ಕಡೆಗೇ ವಾಲಿರುತ್ತದೆ. ಮಬ್ಬಿನಲ್ಲಿ ನಮ್ಮ ಕಣ್ಣು ಕೆಂಪಿಗೆ ಮಂದವಾಗಿ, ನೀಲಿಗೆ ಚುರುಕಾಗುವುದರಿಂದ ಲೋಕ ನೀಲಿ ಛಾಯೆ ತಾಳುತ್ತದೆ. ಇದನ್ನು 19ನೇ ಶತಮಾನದಲ್ಲೇ ವಿವರಿಸಿದವರು ಚೆಕ್ ವಿಜ್ಞಾನಿ ಪುರ್ಕಿನ್ಯೆ. ರಾತ್ರಿ ದೃಶ್ಯಕ್ಕೆ ನೀಲಿ ಜಿಲೆಟಿನ್ ಹಾಕುವವರು ನಕಲು ಮಾಡುತ್ತಿರುವುದು ಚಂದ್ರನನ್ನಲ್ಲ, ಕಣ್ಣನ್ನು.

ತಪ್ಪು ಕಲ್ಪನೆ: ಬಿಸಿಲಿದ್ದರೆ ಲೈಟು ಬೇಡ, ಸ್ಟುಡಿಯೋ ಒಳಗೆ ಬಿಸಿಲು ಬೇಡ

ಸತ್ಯ: ಎರಡೂ ಅಲ್ಲ. ಚಿತ್ರದುರ್ಗದ ಕೋಟೆಯನ್ನು ‘ನಾಗರಹಾವು’ (1972) ಮನೆಮಾತು ಮಾಡಿತು. ಈ ಸೀಮೆಯ ಬಂಡೆಗಳ ನಡುವೆ ನಡುಮಧ್ಯಾಹ್ನ ಚಿತ್ರೀಕರಿಸಲು ಹೊರಟವರಿಗೆ ಬಿಸಿಲೇ ತೊಡಕು. ನೆತ್ತಿಯ ಸೂರ್ಯ ಹುಬ್ಬಿನ ಕೆಳಗೆ, ಮೂಗಿನ ಕೆಳಗೆ ಕಪ್ಪು ಗುಂಡಿ ತೋಡುತ್ತಾನೆ. ಕಣ್ಣು ಸರಿದೂಗಿಸಿಕೊಳ್ಳುವಷ್ಟನ್ನು ಕ್ಯಾಮೆರಾ ಸರಿದೂಗಿಸಲಾರದು. ಹಾಗಾಗಿ ಬಟಾಬಯಲಲ್ಲೂ ರಿಫ್ಲೆಕ್ಟರ್ ಬೇಕು, ಲೈಟೂ ಬೇಕು.

ಇತ್ತ ಗುರುದತ್ ಅವರ ‘ಕಾಗಜ್ ಕೆ ಫೂಲ್’ನಲ್ಲಿ (1959) ಖಾಲಿ ಸ್ಟುಡಿಯೋವನ್ನು ಸೀಳಿ ಬರುವ ಬೆಳಕಿನ ಕೋಲು ಯಾವ ದೊಡ್ಡ ದೀಪದ್ದೂ ಅಲ್ಲ. ಮೈಸೂರಿನವರಾದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಹೊರಗೊಂದು, ಒಳಗೊಂದು ದೊಡ್ಡ ಕನ್ನಡಿ ಇಟ್ಟು ಬಿಸಿಲನ್ನೇ ಒಳಕ್ಕೆ ತಿರುಗಿಸಿದ್ದರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತ ಇವರು 2008ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದರು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಬೆಳಕಿನ ಕೋಲು ಕಾಣಬೇಕೆಂದರೆ ಗಾಳಿಯಲ್ಲಿ ಧೂಳೋ ಹೊಗೆಯೋ ಇರಬೇಕು ಎಂಬುದೂ ನೆನಪಿರಲಿ. ಪಕ್ಕದಿಂದ ಹಾದುಹೋಗುವ ಬೆಳಕು ತಾನಾಗಿ ಕಣ್ಣಿಗೆ ಬೀಳುವುದಿಲ್ಲ.

ತಪ್ಪು ಕಲ್ಪನೆ: ಹ್ಯಾಲೋಜನ್ ಬಲ್ಬನ್ನು ಬರಿಗೈಯಲ್ಲಿ ಹಿಡಿದರೆ ಶಾಕ್ ಹೊಡೆಯುತ್ತದೆ

ಸತ್ಯ: ಕನೆಕ್ಷನ್ ತಪ್ಪಿಸಿದ ಬಲ್ಬು ಯಾರಿಗೂ ಶಾಕ್ ಕೊಡದು. ಪೆಟ್ಟು ಬೀಳುವುದು ಬಲ್ಬಿಗೆ. ಬೆರಳಿನ ಎಣ್ಣೆ, ಬೆವರು ಅದರ ಕ್ವಾರ್ಟ್ಸ್ ಗಾಜಿಗೆ ಅಂಟಿ, ಉರಿಯುವಾಗ ಆ ಜಾಗವೇ ಹೆಚ್ಚು ಕಾದು ಗಾಜು ಕೆಡುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಬಟ್ಟೆಯಲ್ಲಿ ಹಿಡಿದು ಕೂರಿಸಬೇಕು. ಕೈ ತಾಕಿದ್ದರೆ ಸ್ಪಿರಿಟ್‌ನಿಂದ ಒರೆಸಬೇಕು.

ತಪ್ಪು ಕಲ್ಪನೆ: ನಾಟಕದ ವಿಡಿಯೋದಲ್ಲಿ ಪಟ್ಟೆ ಓಡಿದರೆ ಮೊಬೈಲ್ ಕೆಟ್ಟಿದೆ

ಸತ್ಯ: ಮನೆಗೆ ಬರುವ ಕರೆಂಟು 50 ಹರ್ಟ್ಸ್‌ನದು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ತಿಳಿಯದ್ದು ಕ್ಯಾಮೆರಾಕ್ಕೆ ಸಿಕ್ಕಿಬೀಳುತ್ತದೆ. ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಮಾಯವಾಗುತ್ತದೆ. ಆದರೂ ಹೋಗದಿದ್ದರೆ ಡಿಮ್ಮರ್ ಮೇಲೆ ಅನುಮಾನ ಪಡಬೇಕು. ಹಲವು ಎಲ್‌ಇಡಿಗಳು ಬೆಳಕು ತಗ್ಗಿಸುವುದು ಬೇಗಬೇಗ ಆರಿ ಹತ್ತುವ ಮೂಲಕ. ಅಂಥ ಲೈಟನ್ನು ಪೂರ್ತಿ ಏರಿಸಿ, ಬೆಳಕು ಹೆಚ್ಚೆನಿಸಿದರೆ ಹಿಂದಕ್ಕೆ ಸರಿಸಿಡುವುದು ಒಳ್ಳೆಯದು. ಹ್ಯಾಲೋಜನ್ನಿನಲ್ಲಿ ಈ ಕಾಟ ಕಡಿಮೆ: ಕಾದ ತಂತಿ ಅಷ್ಟು ಬೇಗ ತಣಿಯದ ಕಾರಣ ಬೆಳಕು ಹೆಚ್ಚುಕಡಿಮೆ ಒಂದೇ ಸಮನಿರುತ್ತದೆ.